ಐವತ್ತಕ್ಕೊಂದು

ನಾನೂರ ಹನ್ನೆರಡು ಬರಬೇಕಾಗಿದ್ದ ಜಾಗದಲ್ಲಿ ನಾನೂರ ಹದಿನಾರು ಬಂತು.

ತನುಜಾ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಪರದೆಯನ್ನು ಇನ್ನೊಮ್ಮೆ ನೋಡಿದಳು. ಬೆರಳಿಟ್ಟು ಓದಿದಳು. ಅಂಕಿ ಬದಲಾಗಲಿಲ್ಲ. ತೊಂಬತ್ತೊಂಬತ್ತನೇ ಇಸವಿಯ ಫೆಬ್ರವರಿ, ಗುರುವಾರ, ಬೆಳಗಿನ ಹತ್ತೂವರೆ. ಶಿವಮೊಗ್ಗದ ಆ ಕಾಲೇಜಿನ ಭೌತಶಾಸ್ತ್ರ ವಿಭಾಗಕ್ಕೆ ಹೊಸ ಕಂಪ್ಯೂಟರ್ ಬಂದು ಹದಿನೈದು ದಿನವಾಗಿತ್ತು. ಅಟೆಂಡರ್ ಮಾರಪ್ಪ ಅದರ ನೆತ್ತಿಗೆ ಇಟ್ಟ ಕುಂಕುಮ ಇನ್ನೂ ಹಾಗೇ ಇತ್ತು. ಹಳೆಯದರಲ್ಲಿ ಆರು ವರ್ಷ ಕೂತು ಬರೆದ ಪ್ರೋಗ್ರಾಮನ್ನು ಅವಳು ಹೊಸದರಲ್ಲಿ ಓಡಿಸಿದ್ದು ಇದೇ ಮೊದಲು.

ಅವಳ ಪಿಎಚ್.ಡಿ. ಪ್ರಬಂಧ ಕಪ್ಪು ರಟ್ಟು ಕಟ್ಟಿಸಿಕೊಂಡು ಎಂಟು ತಿಂಗಳ ಹಿಂದೆಯೇ ವಿಶ್ವವಿದ್ಯಾಲಯ ಸೇರಿತ್ತು. ಬರುವ ಗುರುವಾರ ಮೌಖಿಕ ಪರೀಕ್ಷೆ. ಹೊರಗಿನಿಂದ ಬರುವ ಪರೀಕ್ಷಕಿ ಡಾ. ಭವಾನಿ ತಮ್ಮ ವರದಿಯಲ್ಲಿ ಒಂದೇ ಒಂದು ಪ್ರಶ್ನೆ ಬರೆದಿದ್ದರು: ಚೌಕಗಳನ್ನು ಇನ್ನೂ ಸಣ್ಣದು ಮಾಡಿದರೆ ಉತ್ತರ ಬದಲಾಗುವುದಿಲ್ಲ ಎಂಬುದನ್ನು ಅಭ್ಯರ್ಥಿ ತೋರಿಸಬೇಕು. ಶಾಸ್ತ್ರಕ್ಕೆ ಕೇಳುವ ಪ್ರಶ್ನೆ ಎಂದುಕೊಂಡು, ಊಟದ ಹೊತ್ತಿಗೆ ಮುಗಿಸಿಬಿಡೋಣ ಎಂದು ತನುಜಾ ಕೂತಿದ್ದಳು.

ಚೌಕ ಎಂದರೆ ಇಷ್ಟೇ. ಬೆಳಕು ಒಂದು ಅಲೆ. ಅದು ಗಾಜಿನಲ್ಲೋ ಮೇಣದಲ್ಲೋ ಹೇಗೆ ಸಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಬೇಕಾದರೆ ಜಾಗವನ್ನೆಲ್ಲ ಗದ್ದೆಯ ಮಡಿಗಳ ಹಾಗೆ ಚೌಕ ಚೌಕವಾಗಿ ಕತ್ತರಿಸಬೇಕು. ಪ್ರತಿ ಮಡಿಗೂ ತನ್ನ ಪಕ್ಕದ ಮಡಿ ಮಾತ್ರ ಗೊತ್ತು. ನೀರು ಬದು ದಾಟುವ ಹಾಗೆ ಅಲೆ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಮಡಿ ದೊಡ್ಡದಾದರೆ ಅಲೆ ಇರಬೇಕಾದ್ದಕ್ಕಿಂತ ಒಂದು ಚೂರು ನಿಧಾನವಾಗುತ್ತದೆ. ಸಾಲು ಹಿಡಿದು ನೇರ ಹೋದರೆ ಹೆಚ್ಚು ನಿಧಾನ, ಓರೆಯಾಗಿ ಹೋದರೆ ಕಡಿಮೆ. ನಿಜವಾದ ಬೆಳಕು ಹಾಗೆ ತಡವರಿಸುವುದಿಲ್ಲ. ಅದು ಲೆಕ್ಕದ ತಪ್ಪು. ಮಡಿ ಸಣ್ಣದಾದಷ್ಟೂ ತಪ್ಪು ಸಣ್ಣದಾಗುತ್ತದೆ. ಆದರೆ ಹಳೆಯ ಕಂಪ್ಯೂಟರಿನ ಮೆಮೊರಿಯಲ್ಲಿ ಒಂದು ಅಲೆಗೆ ಎಂಟು ಚೌಕಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ.

ಎಂಟೇ ಸಾಕು ಎಂದು ತನುಜಾ ಐದನೇ ಅಧ್ಯಾಯದಲ್ಲಿ ಬರೆದಿದ್ದಳು. ಹಾಗೆ ಬರೆಯಲು ಆಧಾರವಿತ್ತು. ಬೆಳಕಿನದೇ ಜಾತಿಯ, ಆದರೆ ಮೂರು ಸೆಂಟಿಮೀಟರ್ ಉದ್ದದ ಮೈಕ್ರೋವೇವ್ ಅಲೆಯನ್ನು ಮೇಣದ ಕಂಬಗಳ ಸಾಲಿನೊಳಗೆ ಹಾಯಿಸಿ, ಅದು ಆಚೆ ಕಡೆ ಎಷ್ಟು ದೂರದಲ್ಲಿ ಬಂದು ಒಟ್ಟುಗೂಡುತ್ತದೆ ಎಂದು ಪ್ರಯೋಗದ ಮೇಜಿನ ಮೇಲೆ ಪಟ್ಟಿ ಇಟ್ಟು ತಾನೇ ಅಳೆದಿದ್ದಳು. ನಾನೂರ ಹನ್ನೆರಡು ಮಿಲಿಮೀಟರ್. ಕಂಪ್ಯೂಟರ್ ಹೇಳಿದ್ದೂ ನಾನೂರ ಹನ್ನೆರಡು. ಆ ದಿನ ಮಾರಪ್ಪನಿಗೆ ಮಸಾಲೆ ದೋಸೆ ಕೊಡಿಸಿದ್ದಳು.

ಈಗ ಒಂದು ಅಲೆಗೆ ಹನ್ನೆರಡು ಚೌಕ ಕೊಟ್ಟರೆ ನಾನೂರ ಹದಿನಾರು.

ಹದಿನಾರು ಚೌಕ ಕೊಟ್ಟು ಮತ್ತೆ ಓಡಿಸಿದಳು. ಅದು ಮುಗಿಯಲು ಮೂರು ಗಂಟೆ ಬೇಕಾಯಿತು. ಡಬ್ಬಿಯ ಊಟ ಬಿಚ್ಚಲಿಲ್ಲ. ಮಾರಪ್ಪ ಎರಡು ಸಲ ಬಾಗಿಲಲ್ಲಿ ಬಂದು ಇಣುಕಿದ.

"ಏನ್ ಮೇಡಂ, ಹೊಸಾದು ಓಡ್ತಿಲ್ವಾ?"

"ಓಡ್ತಿದೆ ಮಾರಪ್ಪ."

"ಮತ್ತೆ ನೀವ್ಯಾಕೆ ಹಿಂಗೆ ಬೆವರ್ತಿದೀರಿ? ಫ್ಯಾನ್ ಅದಕ್ಕಷ್ಟೇ ಹಾಕಿದಂಗಿದೆ."

ಎರಡು ಗಂಟೆಗೆ ಉತ್ತರ ಬಂತು. ನಾನೂರ ಹದಿನೆಂಟು.

ತನುಜಾ ಮೂರು ಅಂಕಿಗಳನ್ನೂ ಒಂದು ಚೀಟಿಯಲ್ಲಿ ಒಂದರ ಕೆಳಗೊಂದು ಬರೆದಳು. ಲೆಕ್ಕ ಸೂಕ್ಷ್ಮವಾದಷ್ಟೂ ನಿಜಕ್ಕೆ ಹತ್ತಿರ ಬರಬೇಕು. ಇದು ನಿಜದಿಂದ ದೂರ ಹೋಗುತ್ತಿತ್ತು. ಹಾಗಾದರೆ ಎಂಟು ಚೌಕಕ್ಕೆ ಸರಿ ಬಂದಿದ್ದು ಹೇಗೆ? ಪ್ರೋಗ್ರಾಮಿನ ಯಾವುದೋ ಸಾಲಿನಲ್ಲಿ, ಆರು ವರ್ಷದ ಹಿಂದೆ ಬರೆದು ಮರೆತ ಸಾಲಿನಲ್ಲಿ, ತಪ್ಪೊಂದು ಕೂತಿದೆ. ಅದು ಎಲ್ಲಿದೆಯೋ ಗೊತ್ತಿಲ್ಲ. ಎಷ್ಟು ಅಧ್ಯಾಯ ತಿಂದಿದೆಯೋ ಗೊತ್ತಿಲ್ಲ. ಮನೆಯೊಳಗೆ ಹಾವು ಹೋದದ್ದನ್ನು ಕಂಡು, ಯಾವ ಕೋಣೆ ಎಂದು ತಿಳಿಯದೆ ನಿಂತವರ ಹಾಗೆ ಅವಳು ಆ ಕೋಣೆಯಲ್ಲಿ ನಿಂತಿದ್ದಳು. ಜೂನ್ ಒಳಗೆ ಪಿಎಚ್.ಡಿ. ಕೈಗೆ ಬಂದರೆ ಕಾಲೇಜಿನ ಕಾಯಂ ಹುದ್ದೆಯ ಪಟ್ಟಿಯಲ್ಲಿ ಅವಳ ಹೆಸರು. ಬರದಿದ್ದರೆ ಏಳು ವರ್ಷದಿಂದ ತಾತ್ಕಾಲಿಕವಾಗಿರುವ ಕೆಲಸವೂ ಇಲ್ಲ.

ಭದ್ರಾವತಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ನಿದಿಗೆ ದಾಟಿದ ಮೇಲೆ ಬೇಸಿಗೆ ಬೆಳೆಯ ಗದ್ದೆಗಳು ಹಸಿರು ಚೌಕಗಳಾಗಿ ಹಿಂದೆ ಸರಿದವು. ಅವಳು ಕಣ್ಣು ಮುಚ್ಚಿಕೊಂಡಳು.

"ಅಕ್ಕಾ, ಟಿಕೆಟ್ ಕೇಳಿ ಮೂರು ಸಲ ಆಯ್ತು," ಎಂದ ಕಂಡಕ್ಟರ್. "ನಿದ್ದೆ ಬಂದ್ರೆ ತರೀಕೆರೇಲೇ ಇಳಿಸ್ತೀನಿ ನೋಡಿ."

ಭದ್ರಾವತಿ ಹಳೇನಗರದ ಮನೆಯ ಜಗಲಿಯಲ್ಲಿ ಅವಳ ತಂದೆ ಮುರುಗೇಶಪ್ಪ ಮರದ ಹುಡಿಯ ನಡುವೆ ಕೂತಿದ್ದರು. ಮೂವತ್ತೊಂದು ವರ್ಷ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕರಗಿದ ಉಕ್ಕನ್ನು ಮರಳಿನ ಅಚ್ಚಿನಲ್ಲಿ ಹೊಯ್ಯುತ್ತಾರೆ. ಆ ಅಚ್ಚು ಮೂಡಿಸಲು ಮೊದಲು ಅದೇ ಆಕಾರದ ಮರದ ಮಾದರಿ ಬೇಕು. ಅದನ್ನು ಮಾಡುವುದು ಮುರುಗೇಶಪ್ಪನವರ ಕಸುಬು. ಈಗಲೂ ಮಾಚೇನಹಳ್ಳಿಯ ಒಂದು ಸಣ್ಣ ಫೌಂಡ್ರಿಯವರು ಆಗಾಗ ಕೆಲಸ ತಂದುಕೊಡುತ್ತಿದ್ದರು.

"ಬಂದ್ಯೇನವ್ವ. ನೀನು ಕಾಲೇಜಿಗೆ ತಗೊಂಡೋದ ಆ ನನ್ನ ಉದ್ದದ ಪಟ್ಟಿ ಎರಡು ದಿನಕ್ಕೆ ತಂದ್ಕೊಡು. ಪಂಪಿನ ಚಕ್ರದ್ದೊಂದು ಮಾದರಿ ಬಂದಿದೆ."

"ನಾಡಿದ್ದು ತರ್ತೀನಿ ಅಪ್ಪಾಜಿ."

"ಮುಖ ಯಾಕೆ ಹಂಗಿದೆ?"

"ಬಿಸಿಲು."

ತಾಯಿ ಮಹಾಂತಮ್ಮ ಒಳಗಿಂದಲೇ ಹೇಳಿದರು. "ಬಿಸಿಲಂತೆ. ಡಬ್ಬಿ ಬಿಚ್ಚಿಲ್ಲ, ಹಂಗೇ ಬಂದಿದೆ. ರೊಟ್ಟಿ ಏನು ಶಿವಮೊಗ್ಗ ನೋಡ್ಕೊಂಡು ಬರ್ಲಿ ಅಂತ ಕಳಿಸಿದ್ನಾ?"

ಶುಕ್ರವಾರ ಅವಳು ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದಳು. ಎರಡು ಸಾವಿರದ ಮುನ್ನೂರು ಸಾಲು. ತಪ್ಪು ಸಿಗಲಿಲ್ಲ. ಸಿಕ್ಕಿದ್ದರೆ ಸಮಾಧಾನವಾಗುತ್ತಿತ್ತು. ಶನಿವಾರ ಮೇಣದ ಕಂಬಗಳನ್ನು ಮತ್ತೆ ನಿಲ್ಲಿಸಿ, ಯಂತ್ರ ಬಿಸಿಯಾಗಲು ಬಿಟ್ಟು, ಮೀಟರಿನ ಮುಳ್ಳು ಅತಿ ಹೆಚ್ಚು ಬಾಗುವ ಜಾಗವನ್ನು ಪಟ್ಟಿಯ ಮೇಲೆ ಹುಡುಕಿದಳು. ನಾನೂರ ಹನ್ನೆರಡು. ಐದು ಸಲ ಅಳೆದಳು. ಐದು ಸಲವೂ ಅದೇ. ಲೆಕ್ಕ, ಅಳತೆ ಎರಡೂ ತನ್ನ ಕೈಯಿಂದಲೇ ಆದವು, ಎರಡೂ ಸುಳ್ಳು ಹೇಳುವಂಥವಲ್ಲ, ಆದರೂ ಒಂದು ಇನ್ನೊಂದರ ಮುಖ ನೋಡುತ್ತಿರಲಿಲ್ಲ.

ಹೇಳದೆ ಬೇರೆ ದಾರಿಯಿರಲಿಲ್ಲ. ಮಾರ್ಗದರ್ಶಕರಾದ ತ್ರಿವಿಕ್ರಮ ಜೋಯಿಸರ ಕೋಣೆಗೆ ಹೋಗಿ ಮೂರು ಅಂಕಿಗಳ ಚೀಟಿಯನ್ನು ಮುಂದಿಟ್ಟಳು. ಜೋಯಿಸರು ಅದನ್ನು ನೋಡಿ ಕನ್ನಡಕ ತೆಗೆದರು, ಪಂಚೆಯ ಅಂಚಿನಿಂದ ಒರೆಸಿದರು, ಹಾಕಿಕೊಂಡು ಮತ್ತೆ ನೋಡಿದರು. ಮಾರ್ಚ್ ಕೊನೆಗೆ ಅವರ ನಿವೃತ್ತಿ.

"ಬಾಗಿಲು ಮುಂದೆ ಮಾಡಮ್ಮ," ಎಂದರು.

ಅವಳು ಬಾಗಿಲು ಹಾಕಿ ಬಂದಳು.

"ಹೊಸ ಕಂಪ್ಯೂಟರ್ ಬಂದಿರೋದು ಆ ಭವಾನಿಯವರಿಗೆ ಗೊತ್ತಾ?"

"ಇಲ್ಲ ಸರ್."

"ಹಾಗಾದ್ರೆ ಹಳೇದ್ರಲ್ಲಿ ಮೆಮೊರಿ ಸಾಲಲಿಲ್ಲ ಅಂತ ಹೇಳಿ. ಅದು ಸುಳ್ಳೂ ಅಲ್ಲ."

"ಮುಂದೆ ಯಾರಾದ್ರೂ ಮಾಡಿ ನೋಡಿದ್ರೆ ಸರ್?"

"ಯಾರು ನೋಡ್ತಾರೆ ಮಾರಾಯ್ತಿ? ಕಪಾಟಿನಲ್ಲಿ ಜಿರಲೆ ನೋಡತ್ತೆ." ನಗಲು ನೋಡಿದರು, ನಗು ಬರಲಿಲ್ಲ. "ಅದರ ಮೊದಲ ಪುಟದಲ್ಲಿ ನನ್ನ ಸಹಿ ಇದೆ. ಪರಿಶೀಲಿಸಿದ್ದೇನೆ ಅಂತ ಬರೆದು ಮಾಡಿದ ಸಹಿ."

ಅವರೂ ಹೆದರಿದ್ದಾರೆ ಎಂದು ಅವಳಿಗೆ ಆಗ ಗೊತ್ತಾಯಿತು. ಅದು ಧೈರ್ಯ ಕೊಡಲಿಲ್ಲ. ಹಿಡಿದುಕೊಂಡಿದ್ದ ಕಂಬವೇ ಅಲುಗಿದ ಹಾಗಾಯಿತು. ಮೇಜಿನ ಹಳಿಗೆ ಕ್ಲಾಂಪಿನಿಂದ ಬಿಗಿದಿದ್ದ ಉಕ್ಕಿನ ಪಟ್ಟಿಯನ್ನು ಬಿಚ್ಚಿ, ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು.

ಭಾನುವಾರ ಬೆಳಿಗ್ಗೆ ಮುರುಗೇಶಪ್ಪ ಸ್ನಾನ, ಲಿಂಗಪೂಜೆ ಮುಗಿಸಿ ಜಗಲಿಗೆ ಬಂದಾಗ ತನುಜಾ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದಳು. ಮಾತು ಬೇಡವಾಗಿತ್ತು, ಒಬ್ಬಳೇ ಇರುವುದೂ ಬೇಡವಾಗಿತ್ತು. ಅವರು ಪತ್ರಿಕೆ ಬಿಚ್ಚಿ ಪಟ್ಟಿ ತೆಗೆದು ಮರದ ಹಲಗೆಯ ಮೇಲೆ ಇಟ್ಟರು. ಪಕ್ಕದಲ್ಲೇ ಅವರ ಇನ್ನೊಂದು ಪಟ್ಟಿ ಬಿದ್ದಿತ್ತು. ಎರಡೂ ಎರಡಡಿಯವು, ಎರಡೂ ಉಕ್ಕಿನವು. ಎಡತುದಿಗಳು ಗೋಡೆಗೆ ತಾಗಿ ಸಮವಾಗಿ ನಿಂತಿದ್ದವು. ಬಲತುದಿಯಲ್ಲಿ ಅವಳ ಪಟ್ಟಿ ಒಂದು ಬೆರಳಗಲ ಮುಂದೆ ಚಾಚಿತ್ತು.

ಆ ಬೆರಳಗಲವನ್ನು ತನುಜಾ ಸುಮಾರು ಹೊತ್ತು ನೋಡಿದಳು. ಎರಡರ ಕೊನೆಯ ಗೆರೆಯಲ್ಲೂ ಆರುನೂರು ಎಂದೇ ಇತ್ತು.

"ಅಪ್ಪಾಜಿ, ಇದರಲ್ಲಿ ಯಾವ್ದು ಸರಿ?"

"ಎರಡೂ ಸರಿ. ಅದು ಅಂಗಡಿ ಪಟ್ಟಿ, ಎಲ್ಲರೂ ಅಳೆಯೋದು. ಇದು ಕುಗ್ಗಿನ ಪಟ್ಟಿ."

"ಹಂಗಂದ್ರೆ?"

"ಉಕ್ಕು ಹೊಯ್ದಾಗ ಕೆಂಪಗಿರುತ್ತೆ, ಆರ್ತಾ ಆರ್ತಾ ಕುಗ್ಗುತ್ತೆ. ಐವತ್ತಕ್ಕೆ ಒಂದು. ಅದಕ್ಕೆ ಮಾದರೀನ ಅಷ್ಟು ದೊಡ್ಡದಾಗೇ ಮಾಡ್ಬೇಕು. ಪ್ರತಿ ಸಲ ಲೆಕ್ಕ ಹಾಕ್ತಾ ಕೂತ್ರೆ ಆಗುತ್ತಾ? ಅದಕ್ಕೇ ಪಟ್ಟೀನೇ ಹಿಗ್ಗಿಸಿ ಮಾಡಿರ್ತಾರೆ. ಇದರಲ್ಲಿ ನೂರು ಅಂತ ಇದ್ರೆ ನೂರಾ ಎರಡು ಇರುತ್ತೆ. ಮೊದ್ಲೇ ತಪ್ಪು ಅಳೆದ್ರೆ ಕೊನೆಗೆ ಸರಿ ಬರುತ್ತೆ." ಅವರು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡರು. "ಯಾಕವ್ವ?"

"ನಾನು ಇದರಲ್ಲೇ ಅಳೆದಿದ್ದು."

"ಏನನ್ನ?"

"ಎಲ್ಲಾನೂ."

ಮುರುಗೇಶಪ್ಪ ಪಟ್ಟಿಯನ್ನು ಎತ್ತಿ ಎಡತುದಿಯನ್ನು ಬೆಳಕಿಗೆ ಹಿಡಿದರು. ಕ್ಲಾಂಪಿನ ಅಡಿಯಲ್ಲಿ ಇಷ್ಟು ದಿನ ಮುಚ್ಚಿಹೋಗಿದ್ದ ಸಣ್ಣ ಅಕ್ಷರ, ಐವತ್ತಕ್ಕೊಂದು ಎಂಬ ಗುರುತು, ತುಕ್ಕಿನ ನಡುವೆ ಕಂಡಿತು. ಅವರ ಮುಖ ನಿಧಾನವಾಗಿ ಬಣ್ಣಗೆಟ್ಟಿತು.

ಕಾರ್ಖಾನೆಯ ಶಾಪಿನಲ್ಲಿ ಕುಗ್ಗಿನ ಪಟ್ಟಿಗಳ ತುದಿಗೆ ಕೆಂಪು ಬಣ್ಣ ಬಳಿಯುವ ಪದ್ಧತಿ ಇತ್ತು, ಯಾರೂ ಕಣ್ತಪ್ಪಿ ಎತ್ತಿಕೊಳ್ಳಬಾರದೆಂದು. ಮೂರು ವರ್ಷದ ಹಿಂದೆ ಮಗಳು, ಪ್ರಯೋಗದ ಹಳಿಗೆ ಒತ್ತಿಟ್ಟುಕೊಳ್ಳಲು ಉದ್ದದ ಪಟ್ಟಿ ಬೇಕು ಎಂದಿದ್ದಳು. ನೇರ ನೋಡುವುದಕ್ಕೆ ಎಂದುಕೊಂಡಿದ್ದರು ಅವರು. ಅಂಗಡಿ ಪಟ್ಟಿ ಆಗ ಫೌಂಡ್ರಿಯವರ ಹತ್ತಿರ ಇತ್ತು. ಇದನ್ನೇ ಆಯುಧಪೂಜೆಯ ಹಿಂದಿನ ದಿನ ಸೀಮೆಎಣ್ಣೆ ಹಾಕಿ, ಮರಳುಕಾಗದದಲ್ಲಿ ಉಜ್ಜಿ ಉಜ್ಜಿ, ಕಾಲೇಜಿಗೆ ಹೋಗುವ ವಸ್ತು ಕೊಳಕಾಗಿರಬಾರದೆಂದು ಕನ್ನಡಿಯ ಹಾಗೆ ಮಾಡಿದ್ದರು. ಮಾರನೇ ದಿನ ವಿಭೂತಿ ಬಳಿದು, ಹೂವಿಟ್ಟು, ಕೈಮುಗಿದು ಕೊಟ್ಟಿದ್ದರು. ಉಜ್ಜಿದ್ದರಲ್ಲಿ ಕೆಂಪು ಬಣ್ಣವೂ ಹೋಗಿತ್ತು.

"ನಾನೇ ಉಜ್ಜಿದ್ದು," ಎಂದರು. "ಈ ಕೈಯಲ್ಲೇ ಉಜ್ಜಿದ್ದು ಕಣವ್ವ."

"ನಾನೂ ಕೇಳ್ಬೇಕಿತ್ತು ಅಪ್ಪಾಜಿ."

"ಎಷ್ಟು ಅಂತ ಓದಿದ್ದೆ ನೀನು?"

"ನಾನೂರ ಹನ್ನೆರಡು."

ಮೂವತ್ತೊಂದು ವರ್ಷದ ಅಭ್ಯಾಸ. ತುಟಿ ಅಲುಗಿಸಿ ಕ್ಷಣದಲ್ಲಿ ಹೇಳಿದರು. "ನಾನೂರ ಇಪ್ಪತ್ತು. ಒಂದು ಕೂದಲು ಮೇಲೆ."

ನಾನೂರ ಹದಿನಾರು, ನಾನೂರ ಹದಿನೆಂಟು, ಮುಂದೆ ನಾನೂರ ಇಪ್ಪತ್ತು. ಚೌಕ ಸಣ್ಣದಾದಷ್ಟೂ ಉತ್ತರ ಹೋಗುತ್ತಿದ್ದದ್ದು ಅಲ್ಲಿಗೇ. ಪ್ರೋಗ್ರಾಮು ಸರಿಯಿತ್ತು. ಒಂದು ಗುಟುಕು ಗಾಳಿ ಅವಳ ಎದೆಯೊಳಗೆ ಇಳಿಯಿತು. ಅದರ ಹಿಂದೆಯೇ ಇನ್ನೊಂದು ಬಂತು, ಮೊದಲಿನದಕ್ಕಿಂತ ಭಾರವಾದದ್ದು. ಎಂಟು ಚೌಕದ ಲೆಕ್ಕ ಐವತ್ತಕ್ಕೊಂದು ಕಡಿಮೆ ಹೇಳಿತ್ತು, ಪಟ್ಟಿಯೂ ಐವತ್ತಕ್ಕೊಂದು ಕಡಿಮೆ ಹೇಳಿತ್ತು. ಎರಡು ಸುಳ್ಳುಗಳು ಒಂದಕ್ಕೊಂದು ಸಾಕ್ಷಿ ನಿಂತಿದ್ದವು. ಎಂಟೇ ಸಾಕು ಎಂದು ಅವಳು ಬರೆದ ಮಾತು ಸುಳ್ಳು. ಇದುವರೆಗೆ ಏನು ತಪ್ಪು ಎಂದು ಗೊತ್ತಿಲ್ಲದ ಭಯ. ಈಗ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡರೆ ಎಂಬ ಭಯ.

ಮಹಾಂತಮ್ಮ ಬಾಗಿಲಿಗೆ ಬಂದು ಇಬ್ಬರನ್ನೂ ನೋಡಿದರು. "ಏನಿದು, ಅಪ್ಪ ಮಗಳು ಪಟ್ಟಿ ಮುಂದಿಟ್ಕೊಂಡು ಸೂತಕ ಕೂತಂಗೆ ಕೂತಿದೀರಿ?"

ಸೆರಗಿಗೆ ಕೈ ಒರೆಸಿಕೊಂಡು ತಾವೂ ಅಲ್ಲೇ ಕೂತರು.

ಸೋಮವಾರ ಅವಳು ಮೊದಲು ಜೋಯಿಸರ ಬಳಿ ಹೋಗಲಿಲ್ಲ. ಅಪ್ಪನ ಮಾತು ತಲೆಯಲ್ಲಿತ್ತು: ಮೊದಲೇ ತಪ್ಪು ಅಳೆದರೆ ಕೊನೆಗೆ ಸರಿ ಬರುತ್ತದೆ. ಎಂಟು ಚೌಕದ ಹಳೆಯ ಲೆಕ್ಕವನ್ನೇ ತೆಗೆದು, ಅಲೆಯ ವೇಗವನ್ನು ಬೇಕೆಂದೇ ಐವತ್ತಕ್ಕೊಂದು ಹೆಚ್ಚು ಕೊಟ್ಟಳು. ಚೌಕಗಳು ಅದನ್ನು ಎಷ್ಟು ಎಳೆದು ನಿಲ್ಲಿಸುತ್ತವೋ ಅಷ್ಟು ಮುಂಚೆಯೇ ತಳ್ಳಿಬಿಡುವುದು. ಹತ್ತು ನಿಮಿಷದಲ್ಲಿ ಉತ್ತರ ಬಂತು. ನಾನೂರ ಇಪ್ಪತ್ತು. ಅವಳು ಆ ಹಾಳೆಯನ್ನೂ ಎರಡು ಪಟ್ಟಿಗಳನ್ನೂ ಹಿಡಿದು ಜೋಯಿಸರ ಕೋಣೆಗೆ ಹೋದಳು.

ಅವರು ಎಲ್ಲವನ್ನೂ ಕೇಳಿದರು. ಪಟ್ಟಿಗಳನ್ನು ಮುಟ್ಟಲಿಲ್ಲ.

"ಗುರುವಾರ ಇದನ್ನ ಹೇಳಿದ್ರೆ ಪ್ರಬಂಧ ಹಿಂದಕ್ಕೆ ಬರತ್ತೆ. ಜೂನ್‌ನ ಹುದ್ದೆ ಪಟ್ಟೀಲಿ ನಿಮ್ಮ ಹೆಸರಿರಲ್ಲ. ನಾನು ಇಲ್ಲಿರಲ್ಲ. ಇದೆಲ್ಲ ಯೋಚನೆ ಮಾಡಿದೀರಾ?"

"ಮೂರು ದಿನದಿಂದ ಅದೇ ಯೋಚನೆ ಸರ್."

"ಮತ್ತೆ?"

"ಹೇಳೋಕೂ ಭಯ, ಬಿಡೋಕೂ ಭಯ ಸರ್."

ಜೋಯಿಸರು ಕಿಟಕಿಯ ಕಡೆ ತಿರುಗಿದರು. "ಹೇಳ್ಬೇಡಿ ಅಂತ ಹೇಳಿದೀನಿ. ಇನ್ನು ನಿಮ್ಮಿಷ್ಟ."

ಗುರುವಾರ ಮುರುಗೇಶಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮಗಳ ಜೊತೆ ಬಸ್ಸು ಹತ್ತಿದರು. ಬೇಡವೆಂದರೆ ಕೇಳಲಿಲ್ಲ. "ತಪ್ಪು ನಂದು. ಯಾರಾದ್ರೂ ಕೇಳಿದ್ರೆ ನಾನೇ ಹೇಳ್ತೀನಿ," ಎಂದರು. ದಾರಿಯುದ್ದಕ್ಕೂ ಅದನ್ನು ಹೇಗೆ ಹೇಳಬೇಕೆಂದು ತುಟಿ ಅಲುಗಿಸುತ್ತಾ ಕೂತಿದ್ದರು. ಪ್ರಯೋಗಶಾಲೆಯ ಹೊರಗಿನ ಬೆಂಚಿನ ಮೇಲೆ ಮಾರಪ್ಪ ಅವರನ್ನು ಕೂರಿಸಿದ.

ಡಾ. ಭವಾನಿ ಸಣ್ಣ ಗಾತ್ರದ ಹೆಂಗಸು. ತಲೆ ಪೂರ್ತಿ ನೆರೆತಿತ್ತು. ಫ್ಲಾಸ್ಕಿನ ಬಿಸಿನೀರನ್ನು ಮುಚ್ಚಳಕ್ಕೆ ಬಗ್ಗಿಸಿಕೊಂಡು ಕುಡಿಯುತ್ತಾ, ಒಂದು ಗಂಟೆ ಬೇರೆ ಬೇರೆ ಪ್ರಶ್ನೆ ಕೇಳಿದರು. ತನುಜಾ ಉತ್ತರಿಸಿದಳು. ಪ್ರತಿ ಉತ್ತರದ ಕೊನೆಗೂ ಆ ಒಂದು ಪ್ರಶ್ನೆ ಒಂದು ಹೆಜ್ಜೆ ಹತ್ತಿರ ಬರುತ್ತಿತ್ತು.

"ಸರಿ. ನಾನು ಬರೆದು ಕೇಳಿದ್ದು. ಚೌಕ ಸಣ್ಣದು ಮಾಡಿದ್ರೆ ಉತ್ತರ ಬದಲಾಗತ್ತೋ ಇಲ್ವೋ?"

ಮೆಮೊರಿ ಸಾಲಲಿಲ್ಲ ಎಂಬ ಎರಡು ಮಾತು ಅವಳ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಜೋಯಿಸರು ತಿರುಗುವ ಫ್ಯಾನನ್ನು ನೋಡುತ್ತಿದ್ದರು. ತೆರೆದ ಬಾಗಿಲಿನಾಚೆ ಅಪ್ಪನ ಮೊಣಕಾಲು, ಅದರ ಮೇಲಿಟ್ಟ ಕೈ ಮಾತ್ರ ಕಾಣುತ್ತಿತ್ತು. ಆ ಕೈ ಬಿಗಿದ ಮುಷ್ಟಿಯಾಗಿತ್ತು.

"ಬದಲಾಗುತ್ತೆ ಮೇಡಂ," ಎಂದಳು ತನುಜಾ. ತನ್ನ ದನಿಯೇ ಬೇರೆ ಯಾರದೋ ಎನಿಸಿತು. ಚೀಲದಿಂದ ಉಕ್ಕಿನ ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ಅಂಗಡಿ ಪಟ್ಟಿ ಬೇಕೆಂದೇ ತಂದಿರಲಿಲ್ಲ. ಎರಡನ್ನೂ ತಾನೇ ಕೊಟ್ಟರೆ ಅದಕ್ಕೆ ಬೆಲೆ ಇರುವುದಿಲ್ಲ ಎನಿಸಿತ್ತು. ನಡೆದದ್ದನ್ನು ಮೊದಲಿಂದ ಹೇಳಿದಳು. ಆಯುಧಪೂಜೆಯನ್ನೂ ಬಿಡಲಿಲ್ಲ.

ಭವಾನಿ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇನ್ನೊಂದು ಸ್ಕೇಲ್ ಇದೆಯಾ ಇಲ್ಲಿ?"

ಜೋಯಿಸರು ಫ್ಯಾನಿನಿಂದ ಕಣ್ಣಿಳಿಸಿ ಮೇಜಿನ ಡ್ರಾಯರು ಎಳೆದರು. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಬಲವಾಗಿ ಎಳೆದು, ತಮ್ಮ ಮರದ ಸ್ಕೇಲನ್ನು ತೆಗೆದು, ಪಟ್ಟಿಯ ಪಕ್ಕ ತಾವೇ ಜೋಡಿಸಿ ಇಟ್ಟರು. "ಮುನ್ನೂರಕ್ಕೆ ಆರು ಮಿಲಿಮೀಟರ್ ವ್ಯತ್ಯಾಸ," ಎಂದರು ಮೆಲ್ಲಗೆ. "ನಾನೂ ನೋಡ್ಲಿಲ್ಲ. ಸಹಿ ಮಾಡಿದ್ದು ನಾನು."

ಭವಾನಿ ಪೆನ್ನಿನ ಮುಚ್ಚಳ ಹಾಕಿದರು.

"ಇವತ್ತು ಇದನ್ನ ಒಪ್ಪೋಕಾಗಲ್ಲ. ತಿರಸ್ಕಾರ ಅಂತಾನೂ ಬರೆಯಲ್ಲ. ಅಳತೆ ಎಲ್ಲಾ ಮತ್ತೆ ಮಾಡಿ. ಐದನೇ ಅಧ್ಯಾಯ ತೆಗೆದು ಹಾಕಿ, ಹೊಸದಾಗಿ ಬರೀರಿ. ಆರು ತಿಂಗಳು." ತನುಜಾಳ ಕೊನೆಯ ಹಾಳೆಯ ಮೇಲೆ ಬೆರಳಿಟ್ಟರು. "ವೇಗ ಹೆಚ್ಚು ಕೊಟ್ಟು ಸರಿಮಾಡಿದ್ದೀರಲ್ಲ, ಇದನ್ನೂ ಸೇರಿಸಿ. ಆದ್ರೆ ಒಂದು. ಸಾಲು ಹಿಡಿದು ಹೋಗೋ ಅಲೆಗೆ ಇದು ಸರಿ. ಓರೆ ಹೋಗೋ ಅಲೆ ಅಷ್ಟು ನಿಧಾನ ಆಗಿರಲ್ಲ. ಅದನ್ನೂ ಅಷ್ಟೇ ತಳ್ಳಿದ್ರೆ, ಅದು ನಿಜಕ್ಕಿಂತ ಮುಂದೆ ಓಡಲ್ವಾ?"

ತನುಜಾ ಅದನ್ನು ಯೋಚಿಸಿರಲಿಲ್ಲ. "ಓಡುತ್ತೆ ಮೇಡಂ," ಎಂದಳು. "ಏನು ಮಾಡ್ಬೇಕು ಅಂತ ಗೊತ್ತಿಲ್ಲ."

"ಸರಿ. ಗೊತ್ತು ಮಾಡ್ಕೊಂಡು ಬರೀರಿ."

ಹೊರಗೆ ಬಂದಾಗ ಜೋಯಿಸರು ಹಿಂದೆಯೇ ಬಂದರು. "ಏಪ್ರಿಲ್‌ನಿಂದ ಮನೆಗೆ ತನ್ನಿ ಹಾಳೆಗಳನ್ನ. ಭಾನುವಾರ ಮಾತ್ರ ಬೇಡ," ಎಂದು, ಬೆಂಚಿನಿಂದ ಎದ್ದು ನಿಂತಿದ್ದ ಮುರುಗೇಶಪ್ಪನವರಿಗೆ ಕೈಮುಗಿದು ಒಳಗೆ ಹೋದರು.

ವಾಪಸು ಬಸ್ಸಿನಲ್ಲಿ, ನಿದಿಗೆ ಬಂದಾಗ ಮುರುಗೇಶಪ್ಪ ಕೇಳಿದರು.

"ಜೂನ್‌ದು ಹೋಯ್ತಾ?"

"ಹೋಯ್ತು ಅಪ್ಪಾಜಿ."

ಅವರು ತಲೆಯಾಡಿಸಿದರು. ಗದ್ದೆಗಳು ಹಿಂದೆ ಸರಿಯುತ್ತಿದ್ದವು. ಈ ಸಲ ತನುಜಾ ಕಣ್ಣು ಮುಚ್ಚಲಿಲ್ಲ. ಒಂದು ಮಡಿಯ ಮೂಲೆಯಿಂದ ಎದುರು ಮೂಲೆಗೆ ಕೊಕ್ಕರೆಯೊಂದು ಓರೆಯಾಗಿ ನಡೆದು ಹೋಗುತ್ತಿತ್ತು.

"ಅಪ್ಪಾಜಿ, ಎರಕ ಎಲ್ಲಾ ಕಡೆ ಒಂದೇ ಸಮ ಕುಗ್ಗುತ್ತಾ?"

"ಎಲ್ಲಿ ಕುಗ್ಗುತ್ತೆ. ದಪ್ಪ ಇರೋ ಕಡೆ ಒಂದು ಥರ, ತೆಳು ಕಡೆ ಒಂದು ಥರ. ಅದಕ್ಕೇ ಅಲ್ವಾ ಒದ್ದಾಡೋದು."

"ಅದಕ್ಕೆ ಪಟ್ಟಿ ಇಲ್ವಾ?"

"ಇಲ್ಲ. ಅದನ್ನ ಹೊಯ್ದು ಹೊಯ್ದೇ ನೋಡ್ಬೇಕು."

ಮನೆಗೆ ಬಂದವರೇ ಮುರುಗೇಶಪ್ಪ ಅಂಗಿ ಕಳಚಿ, ಅಟ್ಟದ ಮೇಲಿಂದ ಒಣಗಿಹೋಗಿದ್ದ ಕೆಂಪು ಬಣ್ಣದ ಡಬ್ಬಿ ಇಳಿಸಿದರು. ಸೀಮೆಎಣ್ಣೆ ಬಿಟ್ಟು ಕಡ್ಡಿಯಿಂದ ಕಲಕಿದರು. ಪಟ್ಟಿಯ ತುದಿಯನ್ನು ಒರೆಸಿ, ಎರಡು ಬೆರಳಗಲ ಬಣ್ಣ ಬಳಿದು, ಒಣಗಲೆಂದು ಜಗಲಿಯ ಕಟ್ಟೆಯ ಮೇಲೆ ಒರಗಿಸಿಟ್ಟರು. ಅದು ಪೂರ್ತಿ ಒಣಗುವವರೆಗೂ ಅದನ್ನು ಯಾರೂ ಮುಟ್ಟದ ಹಾಗೆ ಪಕ್ಕದಲ್ಲೇ ಕಾದು ಕೂತರು.